‘ಮಕ್ಕಳ ಕಾರ್ಯಕ್ರಮ’ ಯಾರದ್ದು?

ಕನ್ನಡದ ಷಷ್ಠೀ ವಿಭಕ್ತಿ ಬಹಳ ಉದಾರಿ. ‘ಮಕ್ಕಳ ಪುಸ್ತಕ’ ಎಂದರೆ ಮಕ್ಕಳಿಗಾಗಿ ಬರೆದ ಪುಸ್ತಕ. ‘ಮಕ್ಕಳ ಗಲಾಟೆ’ ಎಂದರೆ ಮಕ್ಕಳು ಮಾಡುವ ಗಲಾಟೆ. ‘ಮಕ್ಕಳ ಮಾರಾಟ’ ಎಂದರೆ ಮಕ್ಕಳನ್ನೇ ಮಾರುವುದು. ಪ್ರತ್ಯಯ ಒಂದೇ, ಅರ್ಥ ಮೂರು. ಟೀವಿಯಲ್ಲಿ ಶನಿವಾರ, ಭಾನುವಾರ ರಾತ್ರಿ ಬರುವ ‘ಮಕ್ಕಳ ಕಾರ್ಯಕ್ರಮ’ದಲ್ಲಿ ಈ ಷಷ್ಠಿಗೆ ಯಾವ ಅರ್ಥ ಎಂದು ನಾವು ಕೇಳಿಕೊಂಡದ್ದು ಕಡಿಮೆ. ಈ ಮಾತು ಕಳೆದ ಮೂರು ನಾಲ್ಕು ದಶಕಗಳಲ್ಲಿ ಮೊದಲನೆಯ ಅರ್ಥವನ್ನು ಬಿಟ್ಟು ಎರಡನೆಯದಕ್ಕೆ ಬಂದು, ಈಗ ಮೂರನೆಯದರ ಹೊಸ್ತಿಲಲ್ಲಿ ನಿಂತಿದೆ ಎಂಬುದು ನನ್ನ ವಾದ. ಹಾಗಾಗಲು ವಾಹಿನಿಗಳು ಎಷ್ಟು ಕಾರಣವೋ, ಸಾಹಿತ್ಯ, ರಂಗಭೂಮಿ, ಸಂಸ್ಕೃತಿ ಎಂದು ಮಾತಾಡುವ ನಾವೂ ಅಷ್ಟೇ ಕಾರಣ ಎಂಬುದು ಅದರ ಇನ್ನೊಂದು ಭಾಗ.

ಮೊದಲು ಸ್ವಲ್ಪ ಚರಿತ್ರೆ. ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಮಕ್ಕಳ ಪಾಲಿನ ದಿನ ಭಾನುವಾರವಾಗಿತ್ತು. 1980ರ ದಶಕದಲ್ಲಿ ವಿಕ್ರಮ ಬೇತಾಳ ಬಂದ. ಆಗುಂಬೆಯ ಬೀದಿಗಳಲ್ಲಿ ಶಂಕರ್ ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಬಂತು. ಆಮೇಲೆ ಜಂಗಲ್ ಬುಕ್ಕಿನ ಮೋಗ್ಲಿ, 1997ರಲ್ಲಿ ಶಕ್ತಿಮಾನ್. ಇವುಗಳಲ್ಲಿ ಬಹುಪಾಲು ಹಿಂದಿಯಲ್ಲಿದ್ದವು. ನಮ್ಮ ಕಡೆಯ ಹುಡುಗರಿಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಊಹೆ. ಅವು ಶ್ರೇಷ್ಠ ಎಂದು ಹೇಳಲು ನಾನು ಹೊರಟಿಲ್ಲ. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯ ತಂದುಕೊಂಡರು ಎಂಬ ಸುದ್ದಿಗಳು ಆಗ ದೊಡ್ಡ ಚರ್ಚೆಯನ್ನೇ ಹುಟ್ಟಿಸಿದ್ದವು. ಆದರೆ ಒಂದು ಮಾತು ನಿಜ: ಒಳ್ಳೆಯದೋ ಕೆಟ್ಟದ್ದೋ, ಅವನ್ನು ಮಾಡಿದವರ ಕಣ್ಣೆದುರು ಇದ್ದದ್ದು ನೋಡುವ ಮಗು. ಸ್ವಾಮಿಯ ಪಾತ್ರ ಮಾಡಿದ ಹುಡುಗ ಚೆನ್ನಾಗಿ ಮಾಡಿದನೋ ಇಲ್ಲವೋ ಎಂದು ಪರದೆಯ ಮೇಲೆ ಯಾರೂ ಅಂಕ ಕೊಡುತ್ತಿರಲಿಲ್ಲ. ನೋಡುವ ಮಗುವಿಗೆ ಸ್ವಾಮಿ ಗೆಳೆಯನಾಗಿದ್ದ, ಪ್ರತಿಸ್ಪರ್ಧಿಯಾಗಿರಲಿಲ್ಲ.

ಖಾಸಗಿ ವಾಹಿನಿಗಳು ಬಂದ ಮೇಲೆ ಲೆಕ್ಕ ಬದಲಾಯಿತು. 1994ರಲ್ಲಿ ಉದಯ ಟೀವಿ, 2000ದ ಕೊನೆಗೆ ಈಟೀವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ಅತ್ತ ಹಿಂದಿಯಲ್ಲಿ 1995ರಲ್ಲೇ ‘ಸರೆಗಮ’ ಶುರುವಾಗಿತ್ತು. 1996ರಲ್ಲಿ ‘ಬೂಗಿ ವೂಗಿ’ ಎಂಬ ನೃತ್ಯ ಸ್ಪರ್ಧೆ ಬಂದು ಮಕ್ಕಳನ್ನೂ ವೇದಿಕೆಗೆ ತಂದಿತು. ಅದೇ 1996ರಲ್ಲಿ ತೆಲುಗಿನ ಈಟೀವಿಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ‘ಪಾಡುತಾ ತೀಯಗಾ’ ಆರಂಭಿಸಿದರು. ಅದರ ಕನ್ನಡದ ತಂಗಿಯೇ ‘ಎದೆ ತುಂಬಿ ಹಾಡುವೆನು’. ಆ ಹೆಸರು ಕೇಳಿದ ಕೂಡಲೇ ಕನ್ನಡದ ಓದುಗರಿಗೆ ಜಿ.ಎಸ್. ಶಿವರುದ್ರಪ್ಪನವರ ಕವಿತೆ ನೆನಪಾಗುತ್ತದೆ. ಕೂತು ಕೇಳುವವರಿದ್ದರೆ ಅದೇ ದೊಡ್ಡದು, ಹಾಡುವವನಿಗೆ ಬೇರೆ ಪದವಿ ಬೇಕಿಲ್ಲ ಎನ್ನುವ ಕವಿತೆ ಅದು. ಅದನ್ನು ನೆನಪಿಸುವ ಹೆಸರನ್ನು ಒಂದು ಸ್ಪರ್ಧೆಗೆ ಇಟ್ಟದ್ದರಲ್ಲಿ ಇರುವ ವಿಪರ್ಯಾಸ ಆಗ ಯಾರಿಗೂ ಚುಚ್ಚಲಿಲ್ಲ. ಕಾರಣ, ಬಾಲು ಅವರು ಆ ಕಾರ್ಯಕ್ರಮವನ್ನು ನಡೆಸಿದ ರೀತಿ. ತಪ್ಪು ಹಾಡಿದವರನ್ನು ಅವರು ತಿದ್ದುತ್ತಿದ್ದರು, ತಾವೇ ಹಾಡಿ ತೋರಿಸುತ್ತಿದ್ದರು, ಹಾಡಿನ ಕವಿ ಯಾರು, ರಾಗ ಯಾವುದು ಎಂದು ಹೇಳುತ್ತಿದ್ದರು. ಅದು ಸ್ಪರ್ಧೆಯ ವೇಷ ಹಾಕಿದ ಪಾಠವಾಗಿತ್ತು.

2006ರಲ್ಲಿ ಹಿಂದಿಯಲ್ಲಿ ‘ಲಿಟಲ್ ಚಾಂಪ್ಸ್’ ಬಂದಾಗ ಈ ವೇಷ ತಿರುವುಮುರುವಾಯಿತು. ಈಗ ಪಾಠದ ವೇಷ ಹಾಕಿದ ಸ್ಪರ್ಧೆ. ಅದು ಕನ್ನಡಕ್ಕೂ ಬಂತು. ಹಾಡಿನ ಬೆನ್ನಿಗೆ ಕುಣಿತ ಬಂತು, ಕುಣಿತದ ಬೆನ್ನಿಗೆ ನಾಟಕ. 2013ರಲ್ಲಿ ಜೀ ಟೀವಿ ಹಿಂದಿಯಲ್ಲಿ ‘ಇಂಡಿಯಾಸ್ ಬೆಸ್ಟ್ ಡ್ರಾಮೇಬಾಜ್’ ಎಂಬ ಮಕ್ಕಳ ಅಭಿನಯ ಸ್ಪರ್ಧೆ ಮಾಡಿತು. ಅದೇ ಅಚ್ಚಿನಲ್ಲಿ 2016ರಲ್ಲಿ ಜೀ ಕನ್ನಡದ ‘ಡ್ರಾಮಾ ಜೂನಿಯರ್ಸ್’ ಹುಟ್ಟಿತು. ತೀರ್ಪುಗಾರರ ಕುರ್ಚಿಯಲ್ಲಿ ‘ಮಾಯಾಮೃಗ’ದ ಟಿ.ಎನ್. ಸೀತಾರಾಂ, ಹಿರಿಯ ನಟಿ ಲಕ್ಷ್ಮಿ, ಮತ್ತು ವಿಜಯ ರಾಘವೇಂದ್ರ. ನಿರೂಪಣೆಗೆ ಮಾಸ್ಟರ್ ಆನಂದ್. ಈ ಕೊನೆಯ ಇಬ್ಬರನ್ನು ಗಮನಿಸಿ. ಒಬ್ಬರು ‘ಚಿನ್ನಾರಿ ಮುತ್ತ’, ಇನ್ನೊಬ್ಬರು ‘ಗೌರಿ ಗಣೇಶ’ದ ತುಂಟ ಹುಡುಗ. ಇಬ್ಬರೂ ಕನ್ನಡ ಸಿನಿಮಾ ಕಂಡ ಅತ್ಯುತ್ತಮ ಬಾಲನಟರು. ಅವರು ಬಾಲನಟರಾಗಿದ್ದಾಗ ವಾರಕ್ಕೊಮ್ಮೆ ‘ಈ ವಾರ ಮನೆಗೆ ಹೋಗುವವರು ಯಾರು’ ಎಂದು ಯಾರೂ ಅವರನ್ನು ಸಾಲಾಗಿ ನಿಲ್ಲಿಸಿರಲಿಲ್ಲ.

ಈ ಚರಿತ್ರೆಯಲ್ಲಿ ಇನ್ನೊಂದು ದಿನಾಂಕವಿದೆ; ಅದು ಯಾವ ಕಾರ್ಯಕ್ರಮದ ಹೆಸರಿನಲ್ಲೂ ಕಾಣುವುದಿಲ್ಲ. 2015ರಲ್ಲಿ ಬಾರ್ಕ್ ಎಂಬ ಸಂಸ್ಥೆ ಟೀವಿ ವೀಕ್ಷಣೆಯ ಅಳತೆಯನ್ನು ಕೈಗೆತ್ತಿಕೊಂಡಿತು. ಅದೇ ವರ್ಷದ ಅಕ್ಟೋಬರಿನಿಂದ ಹಳ್ಳಿಗಳ ವೀಕ್ಷಕರನ್ನೂ ಲೆಕ್ಕಕ್ಕೆ ಸೇರಿಸಿತು. ಅದಕ್ಕೂ ಮುಂಚೆ ಟಿಆರ್‌ಪಿ ಎಂದರೆ ಪೇಟೆಯವರು ನೋಡಿದ ಲೆಕ್ಕ. ಕೊಳ್ಳೇಗಾಲದ ಆಚೆ, ಹನೂರಿನ ಹತ್ತಿರದ ಬಂಡಳ್ಳಿಯಂಥ ಊರಿನಲ್ಲಿ ಜನ ಟೀವಿ ನೋಡಿದರೂ ಒಂದೇ, ನೋಡದಿದ್ದರೂ ಒಂದೇ. 2015ರ ನಂತರ ನಾವೂ ಎಣಿಕೆಗೆ ಬಂದೆವು. ಮರುವರ್ಷವೇ ಹಳ್ಳಿಯ ಮಕ್ಕಳು, ಹಳ್ಳಿಯ ಮಾತು, ಬಡ ಅಪ್ಪಅಮ್ಮಂದಿರ ಕಣ್ಣೀರು ವಾರಾಂತ್ಯದ ರಾತ್ರಿಗಳಿಗೆ ಬಂದವು. ಇವೆರಡಕ್ಕೂ ಸಂಬಂಧವೇ ಇಲ್ಲ ಎಂದು ನಂಬಲು ನನ್ನಿಂದಾಗದು. ನಮ್ಮ ಊರುಗಳು ಮಾರುಕಟ್ಟೆಯಾದವು. ಮಾರುಕಟ್ಟೆಗೆ ಅದರದ್ದೇ ಮುಖವನ್ನು ತೋರಿಸಬೇಕಲ್ಲ.

ಆ ಮುಖ ಹೇಗೆ ಬಂತು ಎನ್ನುವುದು ನನ್ನ ಮೊದಲ ತಕರಾರು. ನಮ್ಮ ಸೀಮೆಯ ಮಾತು, ‘ಎತ್ಲಾಗ್ ಹೋಗಿದ್ಲಾ’, ‘ಬುಡು ಅತ್ಲಾಗೆ’ ಎನ್ನುವ ಮಾತು, ಈ ಸ್ಕಿಟ್ಟುಗಳಲ್ಲಿ ಬಂದಾಗಲೆಲ್ಲ ಹಿಂದಿನಿಂದ ಒಂದು ನಗೆಯ ಸದ್ದು ಬರುತ್ತದೆ. ಧಾರವಾಡದ ಮಾತಿಗೂ ಅದೇ ನಗೆ, ಕುಂದಾಪುರದ ಮಾತಿಗೂ ಅದೇ. ದುಃಖದ ದೃಶ್ಯ ಬಂದಾಗ, ದೇಶಭಕ್ತಿ ಬಂದಾಗ, ಪುರಾಣ ಬಂದಾಗ ಮಗು ಗ್ರಂಥದ ಕನ್ನಡಕ್ಕೋ ಬೆಂಗಳೂರಿನ ಕನ್ನಡಕ್ಕೋ ಜಿಗಿಯುತ್ತದೆ. ಅಂದರೆ ಊರ ಮಾತು ನಗುವುದಕ್ಕೆ, ಉಳಿದದ್ದು ಗೌರವಕ್ಕೆ. 1984ರಲ್ಲಿ ದೇವನೂರ ಮಹಾದೇವ ಇದೇ ಸೀಮೆಯ ಮಾತಿನಲ್ಲಿ ‘ಕುಸುಮಬಾಲೆ’ ಬರೆದರು; ಆ ಭಾಷೆಯಲ್ಲಿ ಸಾವು, ಪ್ರೀತಿ, ಜಾತಿ, ಹಸಿವು ಎಲ್ಲವನ್ನೂ ಹೇಳಬಹುದೆಂದು ತೋರಿಸಿದರು. ಅವರ ‘ಒಡಲಾಳ’ದ ಸಾಕವ್ವನ ಮನೆಯಲ್ಲಿ ಹುಡುಗಿಯೊಬ್ಬಳು ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಅದನ್ನು ನೋಡಿ ಎದ್ದು ನಿಂತು ಚಪ್ಪಾಳೆ ತಟ್ಟುವವರಿಲ್ಲ. ಆದರೂ ಕನ್ನಡ ಸಾಹಿತ್ಯದಲ್ಲಿ ಮಗುವಿನ ಕಲೆಯ ಬಗ್ಗೆ ಅದಕ್ಕಿಂತ ಆಳವಾದ ಚಿತ್ರ ನನಗೆ ಸಿಕ್ಕಿಲ್ಲ. ಸಾಹಿತ್ಯ ನಲವತ್ತು ವರ್ಷದ ಹಿಂದೆ ಗೆದ್ದುಕೊಟ್ಟ ಘನತೆಯನ್ನು ಟೀವಿ ವಾರಕ್ಕೆರಡು ರಾತ್ರಿ ಕಳೆಯುತ್ತಿದೆ, ಅದೂ ಮಕ್ಕಳ ಬಾಯಿಂದ. ನಮ್ಮೂರಿನ ಶಾಲಾ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಈಗ ಟೀವಿಯ ಸ್ಕಿಟ್ಟನ್ನೇ ಆಡುತ್ತಾರೆ. ತಮ್ಮ ಅಜ್ಜಿಯ ಮಾತನ್ನು ತಾವೇ ಆಡಿ, ಎಲ್ಲಿ ನಗಬೇಕೋ ಅಲ್ಲಿ ತಾವೇ ನಗುತ್ತಾರೆ. ತನ್ನ ಮಾತಿಗೆ ತಾನೇ ನಗಲು ಕಲಿತ ಮಗು ನಾಳೆ ಆ ಮಾತಿನಲ್ಲಿ ಒಂದು ಕತೆ ಬರೆಯುತ್ತದೆಯೇ?

ಎರಡನೆಯ ತಕರಾರು ವಸ್ತುವಿನದ್ದು. ಈ ಸ್ಕಿಟ್ಟುಗಳಲ್ಲಿ ಮಕ್ಕಳು ಯಾವ ಪಾತ್ರ ಮಾಡುತ್ತಾರೆ ಎಂದು ಒಂದು ಪಟ್ಟಿ ಮಾಡಿ ನೋಡಿ. ಕುಡುಕ ಗಂಡ, ಬಜಾರಿ ಹೆಂಡತಿ, ಅತ್ತೆ ಸೊಸೆ, ಹೆಣ್ಣು ನೋಡಲು ಬಂದ ಗಂಡು, ರಾಜಕಾರಣಿ, ಸಿನಿಮಾ ನಾಯಕನ ನಕಲು, ಮುದುಕ ಮುದುಕಿ. ಮಗು ಮಗುವಿನ ಪಾತ್ರ ಮಾಡುವುದು ಅಪರೂಪ. ಮಾಡಿದರೂ ಅದು ಅನಾಥ ಮಗು, ಅಥವಾ ಸಾಯುವ ಮಗು. ಏಳು ವರ್ಷದ ಹುಡುಗ ಮೀಸೆ ಅಂಟಿಸಿಕೊಂಡು ಹೆಂಡತಿಯ ಕಾಟದ ಬಗ್ಗೆ ಡೈಲಾಗು ಹೊಡೆದಾಗ ನಗುವವರು ಯಾರು? ಅವನ ವಾರಿಗೆಯ ಹುಡುಗರಲ್ಲ. ಅವರಿಗೆ ಆ ಜೋಕು ಅರ್ಥವಾಗದು. ನಗುವವರು ಅವರ ಅಪ್ಪ, ಚಿಕ್ಕಪ್ಪ, ಮಾವ. ದೊಡ್ಡವರು ಹೇಳಿದರೆ ಹಳಸಲು ಎನಿಸುವ ಜೋಕು ಮಗು ಹೇಳಿದಾಗ ಮುದ್ದು ಎನಿಸುತ್ತದೆ. ಹಳಸಿದ್ದನ್ನು ಮತ್ತೆ ಬಿಸಿ ಮಾಡಿ ಬಡಿಸಲು ಮಗು ಒಂದು ಪಾತ್ರೆ, ಅಷ್ಟೇ. ಸಿನಿಮಾದ ಕುಣಿತಗಳಲ್ಲಿ ಇದು ಎಷ್ಟು ಅತಿಗೆ ಹೋಯಿತೆಂದರೆ, 2019ರ ಜೂನ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಎಲ್ಲ ವಾಹಿನಿಗಳಿಗೆ ಸಲಹಾಪತ್ರ ಕಳಿಸಿ, ವಯಸ್ಕರಿಗಾಗಿ ಮಾಡಿದ ಭಂಗಿಗಳನ್ನು ರಿಯಾಲಿಟಿ ಶೋಗಳಲ್ಲಿ ಪುಟ್ಟ ಮಕ್ಕಳಿಂದ ಮಾಡಿಸಬೇಡಿ ಎಂದು ಹೇಳಬೇಕಾಯಿತು. ದೇಶದ ಸರ್ಕಾರ ಹೇಳುವ ತನಕ ನಮ್ಮ ಮನೆಗಳ ಹಿರಿಯರಿಗೆ ಅದು ಕಾಣದೆ ಹೋದದ್ದು ನಾಚಿಕೆಗೇಡು.

ಮೂರನೆಯದು ಕಣ್ಣೀರಿನದ್ದು. ಈ ಕಾರ್ಯಕ್ರಮಗಳಲ್ಲಿ ಒಂದು ಲಯವಿದೆ. ಮಗು ಅಭಿನಯಿಸುತ್ತದೆ. ತೀರ್ಪುಗಾರರ ಕಣ್ಣು ಒದ್ದೆಯಾಗುತ್ತದೆ. ಅಪ್ಪಅಮ್ಮನನ್ನು ವೇದಿಕೆಗೆ ಕರೆಯುತ್ತಾರೆ. ಅಪ್ಪ ಆಟೋ ಓಡಿಸುತ್ತಾರೆ ಎಂದೋ, ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾರೆ ಎಂದೋ ಗೊತ್ತಾಗುತ್ತದೆ. ಪಿಟೀಲು ಶುರುವಾಗುತ್ತದೆ. ಬಡತನವನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಬಡತನ ಆ ಮಗುವಿನ ಕಲೆಗೆ ಕೊಡುವ ಕೃಪಾಂಕವಾಗಬಾರದು. ಸೋಮವಾರ ಆ ಮಗು ಶಾಲೆಗೆ ಹೋಗುತ್ತದೆ. ತನ್ನ ಮನೆಯ ಸಾಲ, ಅಪ್ಪನ ಕುಡಿತ, ಅಮ್ಮನ ಕಾಯಿಲೆ ಇಡೀ ತರಗತಿಗೆ ಗೊತ್ತು. ಪರದೆಯ ಮೇಲೆ ಅದು ಐದು ನಿಮಿಷದ ಭಾವುಕತೆ. ಊರಿನಲ್ಲಿ ಅದು ವರ್ಷಗಟ್ಟಲೆ ನಿಲ್ಲುವ ಹೆಸರು. ಹಳ್ಳಿಯಲ್ಲಿ ಬೆಳೆದವರಿಗೆ ಅಡ್ಡಹೆಸರು ಎಷ್ಟು ಕಾಲ ಬಾಳುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಮಾತುಗಳನ್ನೂ ಕೇಳಬೇಕು. ಅವುಗಳಲ್ಲಿ ಎರಡು ಗಟ್ಟಿ ಇವೆ.

ಮೊದಲನೆಯದು: ಮಕ್ಕಳು ರಂಗದ ಮೇಲೆ ದುಡಿಯುವುದು ಕನ್ನಡಕ್ಕೆ ಹೊಸದೇ? ಅಲ್ಲ. ನಮ್ಮ ಚಾಮರಾಜನಗರದ ಗಡಿಯ ಗಾಜನೂರಿನ ಮುತ್ತುರಾಜ ತಂದೆ ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿ ಸೇರಿದಾಗ ಹುಡುಗನೇ. ಆ ಹುಡುಗನೇ ರಾಜ್‌ಕುಮಾರ್ ಆದದ್ದು. ಕಂಪನಿ ನಾಟಕದ ಬದುಕು ಸುಖದ್ದಾಗಿರಲಿಲ್ಲ, ಶಾಲೆ ತಪ್ಪುತ್ತಿತ್ತು, ಹೊಟ್ಟೆ ತುಂಬುವ ಖಾತರಿಯೂ ಇರಲಿಲ್ಲ. ಅದನ್ನು ಹೊಗಳಿ ಇದನ್ನು ತೆಗಳಿದರೆ ಅನ್ಯಾಯ. ಆದರೆ ವ್ಯತ್ಯಾಸ ಒಂದಿದೆ. ಕಂಪನಿ ಹುಡುಗನನ್ನು ಉಳಿಸಿಕೊಳ್ಳುತ್ತಿತ್ತು. ಚಿಕ್ಕ ಪಾತ್ರದಿಂದ ದೊಡ್ಡ ಪಾತ್ರಕ್ಕೆ, ಹಾಡಿನಿಂದ ಮಾತಿಗೆ, ವರ್ಷಗಟ್ಟಲೆ ಅವನು ಕಲಿಯಬೇಕಿತ್ತು. ಅವನು ಕಲಿತರೆ ಕಂಪನಿಗೆ ಲಾಭ. ವಾರಾಂತ್ಯದ ಕಾರ್ಯಕ್ರಮಕ್ಕೆ ಮಗು ಕಲಿತು ಬೆಳೆಯುವುದರಿಂದ ಲಾಭವಿಲ್ಲ. ಬೆಳೆದರೆ ನಷ್ಟ. ಮುಂದಿನ ಸೀಸನ್ನಿಗೆ ಬೇಕಾದದ್ದು ಬೇರೆ ಮಗು, ಇನ್ನೂ ಚಿಕ್ಕದು, ಇನ್ನೂ ಮುದ್ದಾದದ್ದು. ಹದಿಮೂರರಲ್ಲಿ ದನಿ ಒಡೆದು, ಮುಖದಲ್ಲಿ ಮೊಡವೆ ಬಂದು, ನಿಜವಾಗಿ ಕಲೆ ಕಲಿಯುವ ವಯಸ್ಸು ಬಂದಾಗ ಆ ವೇದಿಕೆಯ ಬಾಗಿಲು ಮುಚ್ಚಿರುತ್ತದೆ.

ಎರಡನೆಯದು ಇನ್ನೂ ಗಟ್ಟಿ: ಹಳ್ಳಿಯ ಮಗುವಿಗೆ, ಅದರಲ್ಲೂ ಹೆಣ್ಣುಮಗುವಿಗೆ, ಬೇರೆ ಯಾರು ವೇದಿಕೆ ಕೊಟ್ಟಿದ್ದಾರೆ? ಇದಕ್ಕೆ ನಾನು ತಲೆಬಾಗುತ್ತೇನೆ. ನಮ್ಮ ಸೀಮೆಯ ಹೆಮ್ಮೆ ಮಲೆ ಮಾದೇಶ್ವರನ ಕಾವ್ಯ. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಶ್ರವಣ ದೊರೆಯ ಕತೆ, ಜುಂಜೇಗೌಡನ ಕತೆ, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು, ಒಂದೊಂದಕ್ಕೂ ಒಂದೊಂದು ರಾತ್ರಿ ಸಾಲದು. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕತೆಯನ್ನು ನೀಲಗಾರರು ಚಿಕ್ಕಲ್ಲೂರಿನ ಜಾತ್ರೆಯಲ್ಲಿ ತಂಬೂರಿ ಮೀಟಿ ಹಾಡುತ್ತಾರೆ. 1973ರಲ್ಲಿ ಪಿ.ಕೆ. ರಾಜಶೇಖರ ಅವರು ಮಾದೇಶ್ವರ ಕಾವ್ಯವನ್ನು ಪುಸ್ತಕವಾಗಿ ತಂದಾಗ ಕನ್ನಡದ ಪಂಡಿತರು ಬೆರಗಾದರು. ಆದರೆ ಈ ಪರಂಪರೆಯಲ್ಲಿ ಕಂಸಾಳೆ ಹಿಡಿದದ್ದು ಗಂಡುಹುಡುಗರು, ದೀಕ್ಷೆ ಪಡೆದ ಮನೆತನದವರು. ಸಂಕಮ್ಮನ ನೋವನ್ನು ಹಾಡಿದವರು ಗಂಡಸರು. ಹುಡುಗಿಗೆ ಆ ವೇದಿಕೆಯಲ್ಲಿ ಜಾಗ ಕಡಿಮೆ. ಟೀವಿಯ ವೇದಿಕೆ ಆ ಬೇಲಿಯನ್ನು ಕಿತ್ತಿತು, ಸರಿ. ಅದಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ.

ಆದರೆ ವೇದಿಕೆ ಕೊಟ್ಟ ಮೇಲೆ ಆ ಮಗುವಿಗೆ ಏನು ಕೊಟ್ಟಿರಿ? ಇದು ಕೇಳಲೇಬೇಕಾದ ಪ್ರಶ್ನೆ. ಮಾದೇಶ್ವರನ ಹಾಡು ಈ ಕಾರ್ಯಕ್ರಮಗಳಿಗೆ ಬಂದಾಗ ಅದಕ್ಕೆ ಕೆಲವೇ ನಿಮಿಷ. ಕಂಸಾಳೆಯ ಜೊತೆ ಕೀಬೋರ್ಡು, ಡ್ರಮ್ಮು, ಹೊಗೆ, ಬೆಳಕು. ಎರಡು ಚರಣ ಮುಗಿಯುವುದರೊಳಗೆ ಚಪ್ಪಾಳೆ. ದೇವರಗುಡ್ಡರ ಮೇಳದಲ್ಲಿ ಹುಡುಗ ಮೊದಲು ಹಿಮ್ಮೇಳದವನು. ಮುಖ್ಯ ಗಾಯಕ ಹೇಳಿದ ಸೊಲ್ಲಿಗೆ ದನಿಗೂಡಿಸುತ್ತಾ, ತಪ್ಪಿದರೆ ಪಕ್ಕದವನ ದನಿಯಲ್ಲಿ ಅಡಗಿಕೊಳ್ಳುತ್ತಾ ಕಲಿಯುತ್ತಾನೆ. ತಪ್ಪನ್ನು ಅಡಗಿಸಿಕೊಳ್ಳುವ ಆ ಜಾಗವೇ ಕಲಿಕೆಯ ಜಾಗ. ಟೀವಿ ಕಿತ್ತುಕೊಂಡದ್ದು ಅದನ್ನು. ಅಲ್ಲಿ ಮಗು ಒಂಟಿ. ಅದರ ತಪ್ಪು ಲಕ್ಷಾಂತರ ಮಂದಿಯ ಎದುರು ಆಗುತ್ತದೆ, ಯೂಟ್ಯೂಬಿನಲ್ಲಿ ಉಳಿಯುತ್ತದೆ. ಬೇಲಿ ಕಿತ್ತವರು ಒಳಗಿನ ನೆರಳನ್ನೂ ಕಿತ್ತರು.

ಎಲಿಮಿನೇಷನ್ ಎಂಬ ಮಾತನ್ನು ಇಲ್ಲೇ ಎತ್ತಬೇಕು. ಕನ್ನಡದಲ್ಲಿ ಅದಕ್ಕೆ ಒಂದು ಪದ ಹುಟ್ಟಲೇ ಇಲ್ಲ ಎಂಬುದನ್ನು ಗಮನಿಸಿ. ನಿರೂಪಕರು ಇಂಗ್ಲಿಷಿನಲ್ಲೇ ಹೇಳುತ್ತಾರೆ. ಕನ್ನಡದಲ್ಲಿ ಹೇಳಲು ಹೋದರೆ ‘ಹೊರಗೆ ಹಾಕುವುದು’ ಎನ್ನಬೇಕಾಗುತ್ತದೆ. ಎಂಟು ವರ್ಷದ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ನಮ್ಮ ಭಾಷೆಗೆ ಇರುವ ಸಂಕೋಚ ನಮಗಿಲ್ಲ. ಇದು ಟೀವಿಯೊಂದರ ದೋಷವೂ ಅಲ್ಲ. ನಮ್ಮ ಶಾಲೆಗಳ ಪ್ರತಿಭಾ ಕಾರಂಜಿಯೇ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮಕ್ಕಳನ್ನು ಸೋಸುತ್ತಾ ಹೋಗುತ್ತದೆ. ಹನೂರಿನ ಒಂದು ಶಾಲೆಯ ಹತ್ತು ಮಕ್ಕಳು ಕೋಲಾಟ ಕಲಿತು, ತಾಲ್ಲೂಕು ಮಟ್ಟದಲ್ಲಿ ಸೋತರೆ, ಆ ಕೋಲುಗಳು ಮುಂದಿನ ವರ್ಷದ ತನಕ ಕಪಾಟಿನಲ್ಲಿ. ಸೋತ ಮಕ್ಕಳಿಗೆ ಆಡಲು ಇನ್ನೊಂದು ಸಂದರ್ಭವಿಲ್ಲ. ಗೆಲ್ಲುವುದಕ್ಕಲ್ಲದೆ ಬೇರೆ ಯಾವುದಕ್ಕೂ ಕಲೆ ಇಲ್ಲ ಎಂದು ಸರ್ಕಾರವೇ ಕಲಿಸಿದ ಮೇಲೆ ವಾಹಿನಿ ಮಾಡಿದ್ದು ಅದಕ್ಕೆ ದೀಪ ಹಾಕಿದ್ದು ಮಾತ್ರ.

ಕಾನೂನಿಲ್ಲವೇ ಎಂದರೆ, ಇದೆ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿಯಾದಾಗ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಸಿನಿಮಾ ಮತ್ತು ಟೀವಿಯ ಕಲಾವಿದ ಮಕ್ಕಳಿಗೆ ವಿನಾಯಿತಿ ಕೊಟ್ಟರು. 2017ರ ನಿಯಮಗಳು ಆ ವಿನಾಯಿತಿಗೆ ಬೇಲಿ ಹಾಕಿದವು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದು. ಬಿಡುವಿಲ್ಲದೆ ಮೂರು ಗಂಟೆ ಮೀರಬಾರದು. ಸತತ 27 ದಿನಕ್ಕಿಂತ ಹೆಚ್ಚು ದುಡಿಸಬಾರದು. ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ಐದು ಮಕ್ಕಳಿಗೊಬ್ಬ ಹೊಣೆಗಾರ ಇರಬೇಕು. ದುಡಿದ ಹಣದಲ್ಲಿ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಯಾವ ವಾಹಿನಿ ಇದನ್ನು ಮುರಿದಿದೆ ಎಂದು ನಾನು ಆರೋಪಿಸುತ್ತಿಲ್ಲ. ನೋಡುವವರಾದ ನಮಗೆ ಇದು ಪಾಲನೆಯಾಗುತ್ತಿದೆಯೇ ಎಂದು ತಿಳಿಯುವ ದಾರಿಯೇ ಇಲ್ಲ ಎನ್ನುತ್ತಿದ್ದೇನೆ. ಸಿಗರೇಟಿನ ದೃಶ್ಯ ಬಂದರೆ ಪರದೆಯ ಮೂಲೆಯಲ್ಲಿ ಎಚ್ಚರಿಕೆ ಓಡುತ್ತದೆ. ಮಗು ಎಷ್ಟು ಗಂಟೆ ದುಡಿಯಿತು, ಅದಕ್ಕೆ ಸಂಭಾವನೆ ಇತ್ತೇ, ಠೇವಣಿ ಇಟ್ಟರೇ ಎಂಬುದು ಯಾವ ಮೂಲೆಯಲ್ಲಿ ಕಾಣುತ್ತದೆ? ‘ಸ್ಪರ್ಧಿ’ ಎಂದ ಕೂಡಲೇ ಮಗುವಿನ ದುಡಿಮೆ ನಮ್ಮ ಕಣ್ಣಿಗೆ ಆಟವಾಗಿಬಿಡುತ್ತದೆ. ತಿಂಗಳುಗಟ್ಟಲೆ ವಾಹಿನಿಗೆ ಜಾಹೀರಾತು ತಂದುಕೊಡುವ ಆಟ.

ಇನ್ನು ನಮ್ಮ ಸರದಿ. ಟೀವಿಯವರಿಗೆ ಬೇರೆ ಮಾದರಿ ಇರಲಿಲ್ಲವೇ? ಕನ್ನಡದಲ್ಲಿ ಬೇಕಾದಷ್ಟಿತ್ತು. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮೂರು ಸಂಪುಟಗಳಲ್ಲಿ ‘ಬಾಲ ಪ್ರಪಂಚ’ ತಂದರು. ಮಗುವಿಗೆ ಇಡೀ ಜಗತ್ತನ್ನು ತಿಳಿಯುವ ಹಕ್ಕಿದೆ ಎಂಬ ನಂಬಿಕೆಯಿಂದ. ಪಂಜೆ ಮಂಗೇಶರಾಯರು, ರಾಜರತ್ನಂ ಮಗುವಿನ ಕಿವಿಗೆಂದೇ ಪದ ಕಟ್ಟಿದರು. ಬಿ.ವಿ. ಕಾರಂತರು ‘ಪಂಜರ ಶಾಲೆ’ಯಂಥ ನಾಟಕಗಳಲ್ಲಿ ಮಕ್ಕಳನ್ನು ಗಿಳಿ, ಮರ, ರಾಜ, ಗುಂಪು ಎಲ್ಲವನ್ನೂ ಮಾಡಿಸಿದರು, ಅಲ್ಲಿ ಒಬ್ಬ ಮಗುವಿನ ಮಿಂಚಿಗಿಂತ ಹಿಂಡು ಮಕ್ಕಳ ಉಸಿರು ಮುಖ್ಯ. ಪ್ರೇಮಾ ಕಾರಂತರು ಬೆನಕದಲ್ಲಿ ಮಕ್ಕಳಿಗಾಗಿಯೇ ತಂಡ ಕಟ್ಟಿದರು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ಬೇಸಿಗೆ ರಜೆಯಲ್ಲಿ ನೂರಾರು ಮಕ್ಕಳು ಸೇರಿ ಕೊನೆಯಲ್ಲಿ ನಾಟಕ ಆಡುತ್ತಾರೆ, ಯಾರನ್ನೂ ಹೊರಗೆ ಹಾಕುವುದಿಲ್ಲ. ಟೀವಿಯೊಳಗೇ ಉದಾಹರಣೆ ಬೇಕೆಂದರೆ, ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಇದೆ. ಗೆದ್ದವರಿಗೆ ಅಲ್ಲಿ ಸಿಗುವುದು ಪುಸ್ತಕ. ಹೊಗೆಯಿಲ್ಲ, ಕಣ್ಣೀರಿಲ್ಲ. ಸಾವಿರಾರು ಕಂತು ನಡೆದಿದೆ. ಜನ ನೋಡುವುದಿಲ್ಲ ಎನ್ನುವ ಮಾತು ಪೂರಾ ಸುಳ್ಳು ಎನ್ನಲು ಅದೊಂದೇ ಸಾಕು.

ಮಾದರಿಗಳಿದ್ದವು, ಆದರೆ ಅವುಗಳನ್ನು ಟೀವಿಯವರೆಗೆ ಒಯ್ಯುವ ಜನ ಇರಲಿಲ್ಲ. ನಮ್ಮ ಬರಹಗಾರರಿಗೆ ಮಕ್ಕಳ ಸಾಹಿತ್ಯ ಎಡಗೈ ಕೆಲಸ. ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳಲ್ಲಿ ಮಕ್ಕಳ ಸಾಹಿತ್ಯದ ಮೇಲೆ ಸಂಶೋಧನೆ ಮಾಡುತ್ತೇನೆಂದರೆ ‘ವಿಷಯ ಸ್ವಲ್ಪ ಹಗುರಾಯ್ತಲ್ವಾ’ ಎನ್ನುವವರು ಇದ್ದಾರೆ, ನಾನೇ ಕೇಳಿಸಿಕೊಂಡಿದ್ದೇನೆ. ಟೀವಿಗೆ ಬರೆಯುವುದು ಇನ್ನೂ ಕೀಳು. 2009ರಲ್ಲಿ ಕನ್ನಡಕ್ಕೆಂದೇ ಚಿಂಟು ಟೀವಿ ಎಂಬ ಮಕ್ಕಳ ವಾಹಿನಿ ಬಂದಾಗ, ಅದರ ತುಂಬ ಡಬ್ ಮಾಡಿದ ಕಾರ್ಟೂನುಗಳೇ ತುಂಬಿದ್ದನ್ನು ಕಂಡು ನಾವು ಯಾರೂ ‘ನಮ್ಮ ಕತೆಗಳನ್ನು ತಗೊಳ್ಳಿ’ ಎಂದು ಬಾಗಿಲು ತಟ್ಟಲಿಲ್ಲ. ಹಾಗಾಗಿ ವಾರಾಂತ್ಯದ ಸ್ಕಿಟ್ಟು ಬರೆಯುವ ಕೆಲಸ ವಾರಕ್ಕೆ ಹತ್ತು ಸ್ಕಿಟ್ಟು ಬರೆಯಬೇಕಾದ, ನಿದ್ದೆಗೆಟ್ಟ ಯಾರದೋ ಪಾಲಿಗೆ ಬಂತು. ಅವರು ಕೈಗೆ ಸಿಕ್ಕ ಗಂಡ ಹೆಂಡತಿ ಜೋಕನ್ನು ಬರೆದರು. ಅವರನ್ನು ಬೈಯುವ ಹಕ್ಕು ನಮಗೆ ಅರ್ಧವೇ ಇದೆ.

ಹಾಗಾದರೆ ಏನು ಮಾಡಬೇಕು? ಈ ಕಾರ್ಯಕ್ರಮಗಳನ್ನು ನಿಷೇಧಿಸಿ ಎಂದು ನಾನು ಹೇಳುವುದಿಲ್ಲ. ನಿಷೇಧ ಮಗುವಿಗೆ ಏನನ್ನೂ ಕೊಡುವುದಿಲ್ಲ. ಇದ್ದ ಒಂದು ವೇದಿಕೆಯನ್ನೂ ಕಸಿಯುತ್ತದೆ. ನಾನು ಕೇಳುವುದು ನಾಲ್ಕು. ಒಂದು, ಹದಿನಾಲ್ಕರೊಳಗಿನ ಮಕ್ಕಳ ಕಾರ್ಯಕ್ರಮದಲ್ಲಿ ಎಲಿಮಿನೇಷನ್ ಬೇಡ. ಆಯ್ಕೆಯಾದ ಮಕ್ಕಳು ಕೊನೆಯ ಕಂತಿನ ತನಕ ಇರಲಿ. ಇಷ್ಟು ಚೆನ್ನಾಗಿ ನಟಿಸುವ ಮಕ್ಕಳಿದ್ದೂ ಯಾರು ಹೊರಹೋಗುತ್ತಾರೆ ಎಂಬ ಕುತೂಹಲವಿಲ್ಲದೆ ಕಾರ್ಯಕ್ರಮ ನಡೆಯದು ಎಂದರೆ ಆ ಕಾರ್ಯಕ್ರಮಕ್ಕೆ ಮಕ್ಕಳ ಮೇಲೇ ನಂಬಿಕೆಯಿಲ್ಲ. ಎರಡು, ಪ್ರತಿ ಕಂತಿನ ಕೊನೆಗೆ, ಮಕ್ಕಳು ದುಡಿದ ಗಂಟೆ, ಅನುಮತಿ, ಠೇವಣಿಯ ವಿವರ ಪರದೆಯ ಮೇಲೆ ಬರಲಿ. ಮೂರು, ಮಗುವಿನ ಮನೆಯ ಬಡತನ ಮತ್ತು ಜಗಳ ವೇದಿಕೆಗೆ ಬರಬಾರದು ಎಂದು ವಾಹಿನಿಗಳು ತಮಗೆ ತಾವೇ ನಿಯಮ ಹಾಕಿಕೊಳ್ಳಲಿ. ನಾಲ್ಕು, ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ಚಂದನ ರಂಗಾಯಣ, ನೀನಾಸಂನಂಥ ಸಂಸ್ಥೆಗಳ ಜೊತೆ ಸೇರಿ ವಾರಕ್ಕೊಂದು ಗಂಟೆ ಮಕ್ಕಳ ನಾಟಕ ಪ್ರಸಾರ ಮಾಡಲಿ, ಕೊಳ್ಳೇಗಾಲದ ಮಾತಿನಲ್ಲಿ, ಬೀದರಿನ ಮಾತಿನಲ್ಲಿ, ಕಾಸರಗೋಡಿನ ಮಾತಿನಲ್ಲಿ, ನಗೆಯ ಸದ್ದು ಹಾಕದೆ. ಅದಕ್ಕೆ ಬರೆಯುವವರು ನಾವಾಗಬೇಕು. ಬರೆಯಲು ಬರುವುದಿಲ್ಲ ಎಂದರೆ ಮೊದಲು ಮಕ್ಕಳ ಮುಂದೆ ಕೂತು ಕೇಳಬೇಕು.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನಾವೆಲ್ಲ ಇಲಿಗಳ ಕತೆಯೆಂದು ನೆನಪಿಟ್ಟುಕೊಂಡಿದ್ದೇವೆ. ಅದು ಕೊಟ್ಟ ಮಾತಿಗೆ ತಪ್ಪಿದ ದೊಡ್ಡವರ ಕತೆ. ಊರಿನ ಗೌಡ ಜೋಗಿಗೆ ಹೇಳಿದ ಹಣ ಕೊಡಲಿಲ್ಲ, ತೆತ್ತದ್ದು ಮಕ್ಕಳು. ಇವತ್ತು ಕಿಂದರಿ ನುಡಿಸುವವನನ್ನು ಬೈದು ಪ್ರಯೋಜನವಿಲ್ಲ. ಅವನು ಬಂದದ್ದು ನಮ್ಮೂರಿನವರು ಕರೆದದ್ದಕ್ಕೆ, ಮಕ್ಕಳು ಹಿಂದೆ ಹೋದದ್ದು ಊರಿನಲ್ಲಿ ಬೇರೆ ಹಾಡಿಲ್ಲದ್ದಕ್ಕೆ. ಬಂಡಳ್ಳಿಯ ಶಾಲೆಯ ಒಬ್ಬ ಹುಡುಗಿಗೆ ಸಂಕಮ್ಮನ ಸಾಲನ್ನು ಹಾಡಬೇಕೆನಿಸಿದರೆ ಅವಳು ಬೆಂಗಳೂರಿನ ಆಡಿಷನ್ನಿನ ಸಾಲಿನಲ್ಲಿ ನಿಲ್ಲಬೇಕಾಗಿ ಬರಬಾರದು. ಹನೂರಿನಲ್ಲಿ, ಕೊಳ್ಳೇಗಾಲದಲ್ಲಿ, ಯಳಂದೂರಿನಲ್ಲಿ ಅವಳು ಹಾಡಲು ಒಂದು ಜಗಲಿ, ಕಲಿಸಲು ಒಬ್ಬ ಕಂಸಾಳೆಯವರು, ಕೂತು ಕೇಳಲು ಹತ್ತು ಜನ ಇರಬೇಕು. ಅಷ್ಟನ್ನು ಕಟ್ಟಿಕೊಡುವ ಕೆಲಸವನ್ನು ಯಾವ ವಾಹಿನಿಯೂ ಮಾಡುವುದಿಲ್ಲ.